ನಡುವೆ ಸುಡುಬಿಸಿಲು, ಮೂಲೆಯಲ್ಲಿ ಮುಸ್ಸಂಜೆ

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಒಂದೂವರೆ ವರ್ಷದಿಂದ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ ಇದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ‘165 ವ್ಯಾಟ್’ ಎಂದು ಬರೆದಿರುವ ಒಂದು ಕಪ್ಪು ಪೆಟ್ಟಿಗೆಯ ಎಲ್‌ಇಡಿ ಲೈಟನ್ನು ನೀರಿನಿಂದ 10 ಸೆಂ.ಮೀ. ಮೇಲೆ, ಸರಿಯಾಗಿ ನಡುವೆ ತೂಗುಹಾಕಿದ್ದೇನೆ. ನೀಲಿಗೊಂದು, ಬಿಳಿಗೊಂದು ನಾಬ್ ಇವೆ, ಎರಡೂ ಅರ್ಧಕ್ಕಿವೆ. ಬಲತುದಿಯ ಪುಟ್ಟ ಹವಳಗಳಾದ ಜೊಯಾಂತಿಡ್‌ಗಳು ಕತ್ತು ಉದ್ದ ಮಾಡಿಕೊಂಡು ನಿಂತಿವೆ. ನಡುವಿನ ಕಲ್ಲಿನ ಮೇಲಿನ ಮಶ್ರೂಮ್ ಹವಳಗಳು ಕುಗ್ಗಿ ಬಿಳಿಚಿಕೊಂಡಿವೆ. ಲೆದರ್ ಹವಳ ಚೆನ್ನಾಗಿದೆ, ಆದರೆ ಬಣ್ಣ ಬರೀ ಕಂದು. ಅಂಗಡಿಯವರು ‘ಲೈಟು ಸಾಲದು’ ಎಂದು ಅರ್ಧ ಲಕ್ಷದ ಲೈಟೊಂದನ್ನು ತೋರಿಸುತ್ತಿದ್ದಾರೆ. ತಗೊಳ್ಳಲೇ? ಮುಂದೆ ಅಕ್ರೊಪೊರಾ ಎಂಬ ಗಟ್ಟಿ ಹವಳ ಇಡುವ ಆಸೆಯೂ ಇದೆ.

ಉತ್ತರ: ಸದ್ಯಕ್ಕೆ ತಗೊಳ್ಳಬೇಡಿ. ನೀವೇ ಬರೆದಿರುವ ಎರಡು ಲಕ್ಷಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಜೊಯಾಂತಿಡ್ ಕತ್ತು ಚಾಚುವುದು ಬೆಳಕು ಸಾಲದೆ. ಮಶ್ರೂಮ್ ಕುಗ್ಗಿ ಬಿಳಿಚುವುದು ಬಹುಮಟ್ಟಿಗೆ ಬೆಳಕು ಜಾಸ್ತಿಯಾಗಿ. ಒಂದೇ ಟ್ಯಾಂಕು, ಒಂದೇ ಲೈಟು, ತದ್ವಿರುದ್ಧವಾದ ಎರಡು ದೂರು! ಇಲ್ಲಿ ಇನ್ನೂ ಜೋರಾದ ಲೈಟು ಹಾಕಿದರೆ ನಡುವಿನ ಮಶ್ರೂಮ್ ಸಾಯುತ್ತದೆ, ತುದಿಯ ಜೊಯಾಂತಿಡ್‌ಗೆ ಸಿಗುವುದು ಸ್ವಲ್ಪವೇ ಹೆಚ್ಚು. ನಿಮ್ಮಲ್ಲಿ ಬೆಳಕಿಗೆ ಬರವಿಲ್ಲ, ಹಂಚಿಕೆ ಕೆಟ್ಟಿದೆ.

ಕೊಡಗು ನಿಮಗೆ ದೂರವಲ್ಲ. ಕಾಫಿ ತೋಟದವರು ವರ್ಷಕ್ಕೊಮ್ಮೆ ನೆರಳಿನ ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸುತ್ತಾರಲ್ಲ, ಅವರಿಗೆ ಬೇಕಾದದ್ದು ಹೆಚ್ಚು ಬಿಸಿಲಲ್ಲ. ಇಡೀ ತೋಟಕ್ಕೆ ಹದವಾಗಿ ಬೀಳುವ ಬಿಸಿಲು. ಒಂದು ಕಡೆ ಬೋಳು, ಇನ್ನೊಂದು ಕಡೆ ಕಗ್ಗತ್ತಲು ಇದ್ದರೆ ಎರಡೂ ಕಡೆಯ ಗಿಡ ಕೆಡುತ್ತದೆ. ಮೆದು ಹವಳಗಳ ಟ್ಯಾಂಕಿಗೂ ಬೇಕಿರುವುದು ಇಂಥದೇ ಮರಗಸಿ.

ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಅಂಗಾಂಶದೊಳಗೆ ಜೊಯಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿ ಮನೆಮಾಡಿಕೊಂಡಿರುತ್ತದೆ. ಅದು ಬೆಳಕಿನಿಂದ ಮಾಡಿದ ಸಕ್ಕರೆಯ ಬಹುಪಾಲು ಮನೆಯೊಡತಿಗೆ ಬಾಡಿಗೆಯಾಗಿ ಹೋಗುತ್ತದೆ. ಹಾಗಾಗಿ ನಾವು ಬೆಳಕು ಕೊಡುತ್ತಿರುವುದು ಆ ಪಾಚಿಗೆ. ಅದರಲ್ಲಿರುವ ಕ್ಲೋರೊಫಿಲ್ ಎ, ಕ್ಲೋರೊಫಿಲ್ ಸಿ2, ಪೆರಿಡಿನಿನ್ ಎಂಬ ವರ್ಣದ್ರವ್ಯಗಳು ಬಹಳವಾಗಿ ಹೀರುವುದು 400ರಿಂದ 500 ನ್ಯಾನೋಮೀಟರ್‌ವರೆಗಿನ ನೇರಳೆ, ನೀಲಿ ಬೆಳಕನ್ನು. ಕಾರಣ ಸಮುದ್ರದಲ್ಲೇ ಇದೆ: ನೀರು ಕೆಂಪನ್ನು ಮೊದಲು ನುಂಗುತ್ತದೆ. 10 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಹುತೇಕ ಮಾಯ, ನೀಲಿ ಮಾತ್ರ ಇನ್ನೂ ಕೆಳಕ್ಕೆ ಇಳಿಯುತ್ತದೆ. ಸಿಕ್ಕಿದ್ದನ್ನೇ ಉಣ್ಣಲು ಪಾಚಿ ಕಲಿತಿದೆ.

ಇಲ್ಲೊಂದು ಮೋಸ ಇದೆ, ಮಾಡುವುದು ನಮ್ಮದೇ ಕಣ್ಣು. ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್‌ನ ಹಳದಿ ಮಿಶ್ರಿತ ಹಸಿರಿಗೆ. 450ರ ಗಾಢ ನೀಲಿಗೆ ಬಂದರೆ ಅದರ ಸಂವೇದನೆ ಸುಮಾರು ಶೇ. 4ಕ್ಕೆ ಇಳಿಯುತ್ತದೆ. ಅಂದರೆ ಹವಳಕ್ಕೆ ನಡುಮಧ್ಯಾಹ್ನವಾಗಿರುವ ನೀಲಿ ಬೆಳಕು ನಮಗೆ ಮುಸ್ಸಂಜೆಯಂತೆ ಕಾಣುತ್ತದೆ. ನಾಬ್ ತಿರುಗಿಸುತ್ತ ‘ಇನ್ನೂ ಮಬ್ಬು, ಇನ್ನೂ ಸ್ವಲ್ಪ’ ಎನ್ನುವುದು ಈ ಮೋಸಕ್ಕೆ ಬಿದ್ದು. ಡಬ್ಬಿಯ ಮೇಲಿನ ಲ್ಯೂಮೆನ್ ಲೆಕ್ಕವೂ ಇದೇ ಕಣ್ಣಿನ ಲೆಕ್ಕ, ಹವಳಕ್ಕೆ ಅದರಿಂದ ಉಪಯೋಗವಿಲ್ಲ. ವ್ಯಾಟ್ ಅಂತೂ ಕರೆಂಟ್ ಬಿಲ್ಲಿನ ಲೆಕ್ಕ. ಅದೂ ನಿಮ್ಮ ಪೆಟ್ಟಿಗೆಯಲ್ಲಿ ಪೂರ್ತಿ ನಿಜವಲ್ಲ. ಆ ಜಾತಿಯ ಲೈಟಿನಲ್ಲಿ ‘3 ವ್ಯಾಟ್’ ಹೆಸರಿನ 55 ಎಲ್‌ಇಡಿ ಇರುತ್ತವೆ, ಗುಣಿಸಿ 165 ಎಂದು ಬರೆಯುತ್ತಾರೆ. ಆದರೆ ಅವನ್ನು ಓಡಿಸುವುದು ಅದಕ್ಕಿಂತ ಕಡಿಮೆ ಕರೆಂಟಿನಲ್ಲಿ. ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿದರೆ ಎರಡೂ ನಾಬ್ ಪೂರ್ತಿ ಇಟ್ಟಾಗ 110ರ ಆಸುಪಾಸು ತೋರಿಸುವುದು ಮಾಮೂಲು.

ಹವಳಕ್ಕೆ ಹೊಂದುವ ಅಳತೆ ಪಾರ್. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ (ಕಣ ಎಣಿಸುವ ದೊಡ್ಡ ಮಾನ) ಬೀಳುತ್ತವೆ ಎಂಬ ಲೆಕ್ಕ ಅದು. ನಮ್ಮ ಕಡೆಯ ನೆತ್ತಿಬಿಸಿಲು ಸುಮಾರು 2,000. ನಿಮ್ಮಲ್ಲಿರುವ ಮಶ್ರೂಮ್‌ಗೆ 40ರಿಂದ 80, ಜೊಯಾಂತಿಡ್‌ಗೆ 80ರಿಂದ 150, ಲೆದರ್‌ಗೆ 100ರಿಂದ 150 ಧಾರಾಳ. ಹವ್ಯಾಸಿಗಳು ಅನುಭವದಿಂದ ಕಂಡುಕೊಂಡ ಅಂಕಿಗಳಿವು. ಹತ್ತು ಆಚೀಚೆ ಆದರೆ ಏನೂ ಆಗದು. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಬೆಳಕು ಸುರಿದರೂ ಪಾಚಿ ಹೆಚ್ಚು ದುಡಿಯುವುದಿಲ್ಲ. ಇನ್ನೂ ಸುರಿದರೆ ಅದಕ್ಕೇ ಏಟು ಬೀಳುತ್ತದೆ, ಹವಳ ಅದನ್ನು ಹೊರದಬ್ಬುತ್ತದೆ. ಬಿಳಿಚುವುದು ಎಂದರೆ ಇದೇ.

ಹಾಗಾದರೆ ನಿಮ್ಮ ಟ್ಯಾಂಕಿನಲ್ಲಿ ಬೆಳಕು ಎಲ್ಲಿ ಬೀಳುತ್ತಿದೆ? ಈ ಪೆಟ್ಟಿಗೆಗಳ ಎಲ್‌ಇಡಿ ಮೇಲೆ ಸಾಮಾನ್ಯವಾಗಿ 90 ಡಿಗ್ರಿಯ ಲೆನ್ಸ್ ಇರುತ್ತದೆ. ಅಂದರೆ ನೇರ ಕೆಳಗಿನಿಂದ 45 ಡಿಗ್ರಿ ಓರೆಗೆ ಹೋಗುವಷ್ಟರಲ್ಲಿ ತೀವ್ರತೆ ಅರ್ಧಕ್ಕೆ ಇಳಿಯುತ್ತದೆ. 10 ಸೆಂ.ಮೀ. ಎತ್ತರದಲ್ಲಿ ಕಟ್ಟಿದರೆ ಆ ಅರ್ಧದ ಗೆರೆ ಗಾಳಿಯಲ್ಲಿ ಪಕ್ಕಕ್ಕೆ ಸರಿಯುವುದು 10 ಸೆಂ.ಮೀ. ನೀರಿಗೆ ಇಳಿದ ಮೇಲೆ ಬೆಳಕು ಬಾಗಿ ಇನ್ನೂ ನೆಟ್ಟಗಾಗುತ್ತದೆ. 45 ಡಿಗ್ರಿಯದು 32ಕ್ಕೆ ಬರುತ್ತದೆ. ಹಾಗಾಗಿ ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗಿರುವ ಕಲ್ಲಿನ ತುದಿಯಲ್ಲಿ ಅದು ಇನ್ನು 6 ಸೆಂ.ಮೀ. ಮಾತ್ರ ಮುಂದೆ ಹೋಗಿರುತ್ತದೆ. ಒಟ್ಟು 16. ಪೆಟ್ಟಿಗೆಯೊಳಗಿನ ಎಲ್‌ಇಡಿ ಗುಂಪಿನ ಉದ್ದ ಸುಮಾರು 35 ಸೆಂ.ಮೀ. ಎಂದಿಟ್ಟುಕೊಂಡರೆ ಗುಂಪಿನ ತುದಿಯಿಂದ ನಿಮ್ಮ ಪಕ್ಕದ ಗಾಜಿಗೆ 27 ಸೆಂ.ಮೀ. ದೂರ ಉಳಿಯುತ್ತದೆ. ಎರಡೂ ಕಡೆ ಹನ್ನೊಂದು ಸೆಂ.ಮೀ. ಪಟ್ಟಿ ನೆರಳಿನಲ್ಲಿದೆ. ನಿಮ್ಮ ಜೊಯಾಂತಿಡ್ ಕೂತಿರುವುದು ಆ ಪಟ್ಟಿಯಲ್ಲೇ ಇರಬೇಕು.

ಕಾಗದದ ಲೆಕ್ಕ ನಂಬಬೇಡಿ, ಕಣ್ಣಿಗೆ ಕಾಣುವ ಹಾಗೆ ಮಾಡಿಕೊಳ್ಳಿ. ಪಾರ್ ಮೀಟರ್ ದುಬಾರಿ, ಒಂದು ದಿನದ ಕೆಲಸಕ್ಕೆ ಕೊಳ್ಳುವಂಥದ್ದಲ್ಲ. ಟ್ಯಾಂಕ್ ಇಟ್ಟಿರುವ ಸ್ನೇಹಿತರಲ್ಲಿ ಇದ್ದರೆ ಒಂದು ಸಂಜೆಗೆ ಇಸಕೊಂಡು ಬನ್ನಿ. ಪ್ರತಿ 15 ಸೆಂ.ಮೀ.ಗೆ ಒಂದರಂತೆ, ಕಲ್ಲಿನ ಮೇಲೂ ಮರಳಿನ ಮೇಲೂ ಅಳೆದು ಕಾಗದದ ಮೇಲೆ ಚೌಕ ಹಾಕಿ ಬರೆದಿಡಿ. ಹಳೆಯ ಕೆಲವು ಸೆನ್ಸರ್‌ಗಳು ಗಾಢ ನೀಲಿಯನ್ನು ಕಡಿಮೆ ತೋರಿಸುತ್ತವೆ, ಅದೊಂದು ಕೇಳಿಕೊಳ್ಳಿ. ಮೀಟರ್ ಸಿಗದಿದ್ದರೆ ಬಿಳಿ ಪ್ಲಾಸ್ಟಿಕ್ ಹಾಳೆಯೊಂದನ್ನು ಚೆನ್ನಾಗಿ ತೊಳೆದು ಕಲ್ಲಿನ ಮಟ್ಟದಲ್ಲಿ ಮಲಗಿಸಿ. ಮನೆಯ ಬೇರೆಲ್ಲ ದೀಪ ಆರಿಸಿ, ಫೋನ್ ಕ್ಯಾಮೆರಾದ ಎಕ್ಸ್‌ಪೋಷರ್ ಲಾಕ್ ಮಾಡಿ ಮೇಲಿನಿಂದ ಫೋಟೊ ತೆಗೆಯಿರಿ. ನಡುವೆ ಬೆಳ್ಳಗೆ ಉರಿದ ಉಂಡೆ, ತುದಿಯಲ್ಲಿ ಬೂದು ಕಾಣಿಸಿದರೆ ನನ್ನ ಮಾತು ನಿಜ. ಫೋನಿನ ಲಕ್ಸ್ ಆ್ಯಪ್ ಕೂಡ ಇಲ್ಲಿಗಿಂತ ಅಲ್ಲಿ ಎಷ್ಟು ಕಡಿಮೆ ಎಂದು ಹೋಲಿಸಲು ಸಾಕು. ಬಿಸಿಲಿಗಾದರೆ ಲಕ್ಸನ್ನು 54ರಿಂದ ಭಾಗಿಸಿ ಪಾರ್ ಅಂದಾಜು ಮಾಡಬಹುದು. ನೀಲಿ ಎಲ್‌ಇಡಿಗೆ ಆ ಭಾಗಾಕಾರ ಹಚ್ಚಬೇಡಿ, ಪೂರ್ತಿ ತಪ್ಪುತ್ತದೆ.

ರಿಪೇರಿ ಶುರುವಾಗುವುದು ಬಟ್ಟೆಯಿಂದ. ಪ್ಲಗ್ ಕಿತ್ತು ಲೈಟನ್ನು ಕೆಳಗಿಳಿಸಿ ಲೆನ್ಸಿನ ಮೇಲೆ ಬೆರಳಾಡಿಸಿ. 10 ಸೆಂ.ಮೀ. ಎತ್ತರದಲ್ಲಿದ್ದ ಲೈಟಿಗೆ ಒಂದೂವರೆ ವರ್ಷದಲ್ಲಿ ಉಪ್ಪಿನ ಪದರ ಕಟ್ಟದೇ ಇರಲು ಸಾಧ್ಯವೇ ಇಲ್ಲ. ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಫ್ಯಾನ್ ಕಟ್ಟಿಕೊಂಡರೆ ಎಲ್‌ಇಡಿ ಕಾದು ಬೇಗ ಮಂಕಾಗುತ್ತದೆ. ಆಮೇಲೆ ಬಿಳಿ ಬಕೆಟ್ ಪರೀಕ್ಷೆ: ಒಂದರಲ್ಲಿ ಟ್ಯಾಂಕಿನ ನೀರು, ಇನ್ನೊಂದರಲ್ಲಿ ಹೊಸದಾಗಿ ಬೆರೆಸಿದ ಉಪ್ಪುನೀರು ತುಂಬಿ ಅಕ್ಕಪಕ್ಕ ಇಡಿ. ಟ್ಯಾಂಕಿನದು ತಿಳಿ ಟೀ ಬಣ್ಣಕ್ಕೆ ತಿರುಗಿದ್ದರೆ ಆ ಹಳದಿ ನಿಮ್ಮ ನೀಲಿ ಬೆಳಕನ್ನೇ ನುಂಗುತ್ತಿದೆ ಎಂದರ್ಥ. ಆ್ಯಕ್ಟಿವೇಟೆಡ್ ಕಾರ್ಬನ್ ಒಂದಿಷ್ಟು ಹಾಕಿದರೆ ಕೆಲವೇ ದಿನದಲ್ಲಿ ನೀರು ತಿಳಿಯಾಗುತ್ತದೆ. ಒಂದು ಎಚ್ಚರ ಮಾತ್ರ. ಲೆನ್ಸ್ ಒರೆಸಿ ಕಾರ್ಬನ್ ಹಾಕಿದ ದಿನ ನಾಬ್ ಮುಟ್ಟದಿದ್ದರೂ ಹವಳದ ಮೇಲಿನ ಬೆಳಕು ಏರುತ್ತದೆ. ಅದಕ್ಕೆ ಅವತ್ತೇ ಎರಡೂ ನಾಬನ್ನು ಒಂದಿಷ್ಟು ಇಳಿಸಿಬಿಡಿ.

ಎರಡನೆಯ ಕೆಲಸ ಎತ್ತರ. 25 ಸೆಂ.ಮೀ.ಗೆ ಏರಿಸಿದರೆ ಮೇಲಿನ ಲೆಕ್ಕದಲ್ಲಿ 16 ಇದ್ದದ್ದು 31 ಆಗುತ್ತದೆ, ಪಕ್ಕದ ಗಾಜನ್ನು ಮುಟ್ಟುತ್ತದೆ. ನಡುವಿನ ಉರಿಯೂ ತಗ್ಗುತ್ತದೆ. ಕೆಂಪು, ಹಸಿರು ಬಲ್ಬುಗಳ ಚುಕ್ಕಿಚುಕ್ಕಿ ಡಿಸ್ಕೊ ಬೆಳಕೂ ಒಂದಕ್ಕೊಂದು ಬೆರೆತು ಕಡಿಮೆಯಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಆದರೆ ನಿಮ್ಮ ಟ್ಯಾಂಕಿನ ಅಗಲ ಒಂದೂವರೆ ಅಡಿಯಷ್ಟೇ. ಉದ್ದಕ್ಕೆ ಹರಡಿದ ಬೆಳಕು ಮುಂದಕ್ಕೂ ಹರಡಿ ಸೋಫಾದಲ್ಲಿ ಕೂತವರ ಕಣ್ಣು ಕುಕ್ಕುತ್ತದೆ. ನಮ್ಮ ಮನೆಯಲ್ಲಿ ಆ ದೂರು ಬಂದಾಗ ಕಪ್ಪು ಫೋಮ್ ಬೋರ್ಡ್‌ನಿಂದ ಪೆಟ್ಟಿಗೆಯ ಮುಂದೆ ಒಂದು ತಡಿಕೆ ಕಟ್ಟಿದೆ. ಚಂದ ಅಂತೂ ಅಲ್ಲ, ಮನೆಯಲ್ಲಿ ಶಾಂತಿ ನೆಲೆಸಿತು.

ಈ ಎತ್ತರದಲ್ಲಿ ಆರು ವಾರ ನೋಡಿ. ತುದಿಯ ಜೊಯಾಂತಿಡ್ ಕತ್ತು ಇಳಿಸದಿದ್ದರೆ ಆಗ ದುಡ್ಡು ಖರ್ಚು ಮಾಡಿ, ಅದೂ ಇದೇ ಜಾತಿಯ ಎರಡನೆಯ ಪೆಟ್ಟಿಗೆಗೆ, ಸಿಕ್ಕರೆ ಸೆಕೆಂಡ್ ಹ್ಯಾಂಡ್. ಎರಡನ್ನೂ ಎರಡು ಅರ್ಧಗಳ ನಡುವೆ ಒಂದೊಂದರಂತೆ 20 ಸೆಂ.ಮೀ. ಎತ್ತರದಲ್ಲಿ ಕಟ್ಟಿ, ಎರಡನ್ನೂ ತಗ್ಗಿಸಿ ಓಡಿಸಿ. 3 ಅಡಿ ಟ್ಯಾಂಕಿಗೆ ಏದುಸಿರು ಬಿಡುವ ಒಂದು ಲೈಟಿಗಿಂತ ಆರಾಮಾಗಿ ಓಡುವ ಎರಡು ಲೈಟು ಯಾವತ್ತೂ ಮೇಲು. ಕಲ್ಲಿನ ಒಂದು ಬದಿಗೆ ಬೀಳುವ ಕಡುನೆರಳನ್ನು ಇನ್ನೊಂದು ಲೈಟು ತುಂಬುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ. ಅಂಗಡಿಯವರು ತೋರಿಸಿದ ಲೈಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಫೋನಿನಿಂದ ನಿಯಂತ್ರಿಸಬಹುದು, ಬೆಳಗಿನಂತೆ ನಿಧಾನ ಏರಿ ಸಂಜೆಯಂತೆ ಇಳಿಯುತ್ತದೆ, ಬಣ್ಣಗಳು ಚೆನ್ನಾಗಿ ಬೆರೆಯುತ್ತವೆ. ಆದರೆ ಅಂಥ ಪುಟ್ಟ ಲೈಟುಗಳಿಗೆ ತಯಾರಕರೇ ಸಾಮಾನ್ಯವಾಗಿ ಹೇಳುವ ವ್ಯಾಪ್ತಿ 60 ಸೆಂ.ಮೀ. ಚೌಕ. ನಿಮ್ಮದು 90. ಒಂದನ್ನು ನಡುವೆ ಕಟ್ಟಿದರೆ ಅರ್ಧ ಲಕ್ಷ ಕೊಟ್ಟು ಇದೇ ತೊಂದರೆಯನ್ನು ಮತ್ತೆ ಕೊಂಡ ಹಾಗೆ.

ಈಗ ನಾಬ್. ನೀಲಿ ಮುಂದಿರಲಿ, ಬಿಳಿ ಹಿಂದಿರಲಿ. ಸದ್ಯ ನೀಲಿ ಶೇ. 45, ಬಿಳಿ ಶೇ. 15ರ ಸುತ್ತ ಇಡಿ. ಬಿಳಿಯನ್ನು ಪೂರ್ತಿ ಆರಿಸುವ ಅಗತ್ಯವಿಲ್ಲ. ಬಿಳಿ ಎಲ್‌ಇಡಿ ಎನ್ನುವುದೂ ಹಳದಿ ಹೊಮ್ಮಿಸುವ ಫಾಸ್ಫರ್ ಲೇಪಿಸಿದ ನೀಲಿ ಎಲ್‌ಇಡಿಯೇ. 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದದ್ದು ಆ ನೀಲಿಯನ್ನು ಸಾಧಿಸಿದ್ದಕ್ಕೆ. ಅದಿಲ್ಲದೆ ನಮ್ಮ ಮನೆಗಳ ಬಿಳಿ ಬಲ್ಬೂ ಇಲ್ಲ, ಈ ಟ್ಯಾಂಕ್ ಲೈಟೂ ಇಲ್ಲ. ಬಿಳಿ ಚಾನೆಲ್ ಇರುವುದು ಮುಖ್ಯವಾಗಿ ನಮ್ಮ ಕಣ್ಣಿಗಾಗಿ: ಮೀನಿನ ನಿಜಬಣ್ಣ ಕಾಣಲಿ, ಹವಳಕ್ಕೆ ಕಾಯಿಲೆ ಬಂದರೆ ಗೊತ್ತಾಗಲಿ ಎಂದು. ಬರೀ ನೀಲಿಯಲ್ಲಿ ಎಲ್ಲವೂ ಸೊಗಸೇ. ಹವಳದ ಕೆಲವು ಪ್ರೋಟೀನ್‌ಗಳು ನೀಲಿ ಕುಡಿದು ಹಸಿರು, ಕಿತ್ತಳೆ ಬಣ್ಣ ಉಗುಳುತ್ತವೆ. ಅಂಗಡಿಯ ಫೋಟೊಗಳಲ್ಲಿ ಕಿಡಿಯಂತೆ ಹೊಳೆಯುವ ಜೊಯಾಂತಿಡ್ ಮನೆಗೆ ಬಂದ ಮೇಲೆ ಸಪ್ಪೆಯಾಗುವುದು ಇದರಿಂದ. ಕೊಳ್ಳುವ ಮೊದಲು ಬಿಳಿ ಲೈಟಿನಲ್ಲಿ ತೋರಿಸಲು ಹೇಳಿ.

ಲೆದರ್ ಹವಳದ ಕಂದು ಬಣ್ಣಕ್ಕೆ ಲೈಟನ್ನು ದೂರಬೇಡಿ. ಅದರ ಸಹಜ ಬಣ್ಣವೇ ಹೆಚ್ಚುಕಡಿಮೆ ಅದು. ಇತ್ತೀಚೆಗೆ ಇನ್ನೂ ಗಾಢವಾಗಿದ್ದರೆ ನೈಟ್ರೇಟ್ ಅಳೆದು ನೋಡಿ. ನೀರಿನಲ್ಲಿ ಪೋಷಕಾಂಶ ಹೆಚ್ಚಾದರೆ ಒಳಗಿನ ಪಾಚಿ ದಟ್ಟವಾಗಿ ಬೆಳೆದು ಹವಳ ಕಂದಾಗುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ ಇದ್ದರೆ ಬಿಟ್ಟುಬಿಡಿ. ಸೊನ್ನೆ ಬಂದರೆ ಖುಷಿಪಡಬೇಡಿ, ಮಶ್ರೂಮ್ ಬಿಳಿಚಲು ಹಸಿವೂ ಒಂದು ಕಾರಣವಿರಬಹುದು. ಅನುಮಾನ ಪರಿಹಾರಕ್ಕೆ ಒಂದೇ ಒಂದು ಮಶ್ರೂಮನ್ನು ಕೆಳಗಿನ ನೆರಳಿಗೆ ಸರಿಸಿ. ಎರಡು ವಾರದಲ್ಲಿ ಅದು ಅರಳಿ ತಟ್ಟೆಯಾದರೆ ಮೇಲಿನವಕ್ಕೂ ತೊಂದರೆ ಕೊಟ್ಟದ್ದು ಬೆಳಕೇ.

ದಿನಕ್ಕೆ ಎಷ್ಟು ಹೊತ್ತು? ನೀಲಿ 9 ಗಂಟೆ, ಬಿಳಿ ಅದರ ನಡುವಿನ 6 ಗಂಟೆ. ಹಗಲು ಆಫೀಸಿಗೆ ಹೋಗುವವರಾದರೆ ನೀಲಿಯನ್ನು ಮಧ್ಯಾಹ್ನ 1ಕ್ಕೆ ಶುರುಮಾಡಿ ರಾತ್ರಿ 10ಕ್ಕೆ ಮುಗಿಸಿ, ಹವಳಕ್ಕೆ ಗಡಿಯಾರ ಗೊತ್ತಿಲ್ಲ. ಆದರೆ ದಿನವೂ ಅದೇ ಹೊತ್ತು ಆಗಬೇಕು. 100 ಪಾರ್ 9 ಗಂಟೆ ಬಿದ್ದರೆ ಒಟ್ಟು ಎಷ್ಟೋ, 150 ಪಾರ್ 6 ಗಂಟೆ ಬಿದ್ದರೂ ಅಷ್ಟೇ. ಹಾಗಾಗಿ ಬೆಳಕು ಸ್ವಲ್ಪ ಕಡಿಮೆ ಎನಿಸಿದಾಗ ನಾಬ್ ಏರಿಸುವುದಕ್ಕಿಂತ ಅರ್ಧ ಗಂಟೆ ಹೊತ್ತು ಹೆಚ್ಚಿಸುವುದು ಕ್ಷೇಮ. ಗುಂಡಿ ತಿರುಗಿಸುವ ಮೆಕ್ಯಾನಿಕಲ್ ಟೈಮರ್ ಬೇಡ, ಕರೆಂಟು ಹೋದಷ್ಟು ಹೊತ್ತು ಅದೂ ನಿಂತು ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಮನೆಯ ಯುಪಿಎಸ್ಸಿಗೆ ನೀರು ಓಡಾಡಿಸುವ ವೇವ್‌ಮೇಕರ್ ಕೊಡಿ, ಲೈಟು ಕೊಡಬೇಡಿ. ಒಂದು ದಿನ ಕತ್ತಲಾದರೆ ಹವಳಕ್ಕೆ ಮೋಡ ಮುಚ್ಚಿದ ದಿನವಿದ್ದ ಹಾಗೆ. ನೀರಿನ ಓಡಾಟ ಕೆಲವು ಗಂಟೆ ನಿಂತರೆ ಆಮ್ಲಜನಕ ಇಳಿದು ಮೀನು ಮೊದಲು ಸಾಯುತ್ತವೆ. ಲೈಟಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಮೇಲೇರಲಿ, ವೈರಿನಗುಂಟ ಇಳಿದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ ಸೋರುವ ಕರೆಂಟನ್ನು ತಟ್ಟನೆ ಕಡಿಯುವ ಇಎಲ್‌ಸಿಬಿ ಇಲ್ಲದಿದ್ದರೆ ಇದೆಲ್ಲಕ್ಕಿಂತ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಉಪ್ಪುನೀರಿನ ಜತೆ ಆಟ ಬೇಡ.

ಮೇಲಿನದೆಲ್ಲವನ್ನೂ ಒಂದೇ ಭಾನುವಾರ ಮಾಡಬೇಡಿ. ನಾನು ಮಾಡಿದ್ದೆ. ಟಿ5 ಟ್ಯೂಬ್‌ಗಳಿಂದ ಎಲ್‌ಇಡಿಗೆ ಬಂದ ವರ್ಷ 39 ವ್ಯಾಟಿನ ನಾಲ್ಕು ಟ್ಯೂಬ್ ಬಿಚ್ಚಿ ಹೊಸ ಲೈಟು ಕಟ್ಟಿದೆ. ನೀಲಿ ಮಬ್ಬಾಗಿ ಕಂಡಿತು, ನಾಬ್ ಏರಿಸಿದೆ. ಮರುದಿನ ಇನ್ನೂ ಏರಿಸಿದೆ. ನಾಲ್ಕನೆಯ ದಿನ ಮೂರು ವರ್ಷ ಸಾಕಿದ ಮಶ್ರೂಮ್‌ಗಳು ಸುಣ್ಣ ಬಳಿದ ಹಾಗೆ ಕೂತಿದ್ದವು. ಅರ್ಧದಷ್ಟು ಉಳಿದವು, ಅವಕ್ಕೂ ಬಣ್ಣ ಮರಳಲು ತಿಂಗಳುಗಟ್ಟಲೆ ಹಿಡಿಯಿತು. ಆಮೇಲಿನಿಂದ ನನ್ನ ಪದ್ಧತಿ ಇದು: ವಾರಕ್ಕೆ ಒಂದೇ ಬದಲಾವಣೆ, ಏರಿಸುವುದಾದರೆ ವಾರಕ್ಕೆ ಶೇ. 5, ಪ್ರತಿ ಭಾನುವಾರ ಅದೇ ಜಾಗದಿಂದ ಬಿಳಿ ಬೆಳಕಿನಲ್ಲಿ ಒಂದು ಫೋಟೊ. ಹವಳ ಅಂಚು ಮುದುರಿದರೆ, ದಿನವಿಡೀ ಅರಳದಿದ್ದರೆ ಹಿಂದಿನ ವಾರದ ಅಂಕಿಗೆ ವಾಪಸ್. ಬೆಳಕು ಕಡಿಮೆಯಾದರೆ ಹವಳ ತಿಂಗಳುಗಟ್ಟಲೆ ತಡೆದುಕೊಳ್ಳುತ್ತದೆ, ಜಾಸ್ತಿಯಾದರೆ ಒಂದು ವಾರವೂ ತಡೆಯದು.

ಜೊಯಾಂತಿಡ್ ಇರುವ ಕಲ್ಲನ್ನು ನಡುವಿಗೆ ಸರಿಸುವ ಯೋಚನೆ ಬಂದರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಆ ಕಲ್ಲನ್ನು ಸ್ವಚ್ಛ ಮಾಡಲೆಂದು ಎಂದೂ ಕುದಿಸಬೇಡಿ. ಆವಿ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ಇನ್ನು ಅಕ್ರೊಪೊರಾ. ಅದಕ್ಕೆ 200ರಿಂದ 350 ಪಾರ್ ಬೇಕು, ಎರಡು ಪೆಟ್ಟಿಗೆ ಇದ್ದರೆ ಕೊಡಲೂ ಆಗುತ್ತದೆ. ಆದರೂ ಇಡಬೇಡಿ. ಸುಣ್ಣದ ಅಸ್ಥಿ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು, ಹುಲಿ ಇರುವ ಪಟ್ಟಿಗೆ. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳೂ ಅದರಲ್ಲಿವೆ. ಶಿಕ್ಷೆ 3ರಿಂದ 7 ವರ್ಷ ಜೈಲು. ‘ಲೈವ್ ರಾಕ್’ ಹೆಸರಿನಲ್ಲಿ ಬರುವ ಕಲ್ಲೂ ಎಷ್ಟೋ ಸಲ ಹವಳದ ಅಸ್ಥಿಯೇ. ಸೆರಾಮಿಕ್ ಕಲ್ಲು ತನ್ನಿ, ಒಂದು ವರ್ಷದಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಮಶ್ರೂಮ್, ಜೊಯಾಂತಿಡ್, ಲೆದರ್ ಅಂದು ಸೇರಿಸಿದ ಗುಂಪುಗಳಲ್ಲಿಲ್ಲ. ಆದರೂ ಎಲ್ಲಿಂದ ಬಂದದ್ದೆಂದು ಕೇಳಿ, ಬಿಲ್ ಇಟ್ಟುಕೊಳ್ಳಿ. ಗಟ್ಟಿ ಹವಳ ನೋಡಲೇಬೇಕೆನಿಸಿದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ ಬನ್ನಿ. ಮಳೆ ಕಳೆದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ಚೆನ್ನಾಗಿರುತ್ತದೆ. ಕೈಯಲ್ಲಿ ಬಿಳಿ ಟಾರ್ಚ್ ಇರಲಿ. ಆಳದಲ್ಲಿ ನೀಲಿಯಷ್ಟೇ ಉಳಿದ ಬೆಳಕಿನಲ್ಲಿ ಬೂದು ಬಂಡೆಯಂತೆ ಕಂಡದ್ದರ ಮೇಲೆ ಅದನ್ನು ಹಾಯಿಸಿದಾಗ ಕೆಂಪು ತಟ್ಟನೆ ಎದ್ದು ಬರುತ್ತದೆ.